ಒಂದೇ ರಾತ್ರಿ ಇಬ್ಬರಿಗೂ ಆಯಿಯ ಕನಸು

ಹುಬ್ಬಳ್ಳಿಯಲ್ಲಿ ಅವ್ವನಿಗೂ ಗದಗಿನಲ್ಲಿ ಚಿಗವ್ವನಿಗೂ ಮೊನ್ನೆ ಒಂದೇ ರಾತ್ರಿ ತೀರಿಹೋದ ಆಯಿಯ ಕನಸು ಬಿತ್ತು. ಆಯಿ ಏನೋ ಹೇಳಲು ಬಂದಿದ್ದಳು ಅಂತ ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡರು. ನನಗೆ ಹಾಗೆ ಅನಿಸಲಿಲ್ಲ. ಹಿಂದಿನ ಸಂಜೆಯಷ್ಟೇ ಇಬ್ಬರೂ ಫೋನಿನಲ್ಲಿ ಆಯಿಯ ವರ್ಷದ ಎಡೆಯ ಬಗ್ಗೆ ಬಹಳ ಹೊತ್ತು ಮಾತಾಡಿದ್ದರು. ಹಗಲು ಮನಸ್ಸಲ್ಲಿ ಇದ್ದದ್ದು ರಾತ್ರಿ ಕನಸಿಗೆ ಬರುತ್ತದೆ.

ಬೆಳಿಗ್ಗೆ ಅವ್ವ ಹೇಳಿದ ಕನಸಲ್ಲಿ ಸೀರೆಯ ಮಾತೇ ಇರಲಿಲ್ಲ. ‘ಹಸಿರು ಇಳಕಲ್ ಸೀರೆ ಉಟ್ಟಿದ್ದಳು’ ಅಂದದ್ದು ಚಿಗವ್ವ. ಸಂಜೆ ಪಕ್ಕದ ಮನೆಯವರಿಗೆ ಹೇಳುವಾಗ ಅವ್ವನ ಕನಸಿಗೂ ಅದೇ ಸೀರೆ ಬಂದಿತ್ತು. ಅವ್ವ ಸುಳ್ಳು ಹೇಳುವವಳಲ್ಲ. ನೆನಪು ಇರೋದೇ ಹಾಗೆ, ಹೇಳಿದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಒಂದು ರಾತ್ರಿಯಲ್ಲಿ ಹಲವು ಕನಸು ಬೀಳುತ್ತವೆ, ಹೆಚ್ಚಿನವು ಎದ್ದ ಕೂಡಲೇ ಮರೆತುಹೋಗುತ್ತವೆ. ತಾಳೆಯಾದದ್ದು ಮಾತ್ರ ಉಳಿಯುತ್ತದೆ, ಅಲ್ವಾ?

1960ರ ದಶಕದಲ್ಲಿ ನ್ಯೂಯಾರ್ಕಿನ ಮೈಮೊನಿಡಿಸ್ ಆಸ್ಪತ್ರೆಯಲ್ಲಿ, ಮಲಗಿದವರ ಕನಸಿಗೆ ಮನಸ್ಸಿನಿಂದಲೇ ಚಿತ್ರ ಕಳಿಸುವ ಪ್ರಯೋಗ ನಡೆದಿತ್ತು. ಯಶಸ್ಸು ಸಿಕ್ಕಿತು ಅಂದರು. ಬೇರೆಯವರು ಮಾಡಿ ನೋಡಿದಾಗ ಕೈಗೂಡಲಿಲ್ಲ.

ನಿಮಗೂ ಇಂಥ ಕನಸು ಬಿದ್ದರೆ, ಯಾರಿಗಾದರೂ ಫೋನ್ ಮಾಡುವ ಮೊದಲು ಹಾಳೆಯಲ್ಲಿ ಬರೆದಿಡಿ. ಅವರಿಗೂ ಬರೆಯಲು ಹೇಳಿ, ಆಮೇಲೆ ಎರಡನ್ನೂ ಹೋಲಿಸಿ.