ಹಳೇ ಪಿಬಿಎಕ್ಸ್‌ನ ಎರಡು ಕ್ಯಾಬಿನೆಟ್ ನಡುವೆ ಕೋಆಕ್ಸ್ ಎಳೆದಿದ್ದು: ಲಿಂಕ್ ಅಪ್, ಕಾಲ್ ಹೋಗ್ತಿದೆ

ಎರಡು ಕ್ಯಾಬಿನೆಟ್ಟೂ ಈಗ ಒಂದಕ್ಕೊಂದು ಮಾತಾಡ್ತಿವೆ. ಗುಜರಿ ರೇಟಿಗೆ ಸಿಕ್ಕಿದ ಆಫೀಸ್ ಪಿಬಿಎಕ್ಸ್‌ಗಳು ಇವು, ಅಂದ್ರೆ ಆಫೀಸ್ ಒಳಗಿನ ಫೋನ್‌ಗಳನ್ನ ಒಂದಕ್ಕೊಂದು ಜೋಡಿಸೋ ಎಕ್ಸ್‌ಚೇಂಜ್, ಒಂದರಲ್ಲಿ 2ರಿಂದ ಶುರುವಾಗೋ ಎಕ್ಸ್‌ಟೆನ್ಷನ್, ಇನ್ನೊಂದರಲ್ಲಿ 3ರಿಂದ, ಇಲ್ಲಿಂದ 3ರ ನಂಬರ್ ಒತ್ತಿದ್ರೆ ಅಲ್ಲಿ ರಿಂಗ್ ಆಗ್ಬೇಕು, ಸದ್ಯಕ್ಕೆ ಇಷ್ಟೇ ಗುರಿ. ಹೊರಗಿನ ಲೈನ್ ಯಾವುದೂ ಸೇರಿಸಿಲ್ಲ, ಸೇರಿಸೋದೂ ಇಲ್ಲ.

ಎರಡರಲ್ಲೂ ಒಂದೊಂದು ಇ-1 ಕಾರ್ಡ್ ಇದೆ. ಇ-1 ಅಂದ್ರೆ ಸೆಕೆಂಡಿಗೆ 2.048 ಮೆಗಾಬಿಟ್, ಅದರಲ್ಲಿ 64 ಕಿಲೋಬಿಟ್‌ದು 32 ಟೈಮ್‌ಸ್ಲಾಟ್, 0ನೇದು ಫ್ರೇಮ್ (32 ಸ್ಲಾಟ್‌ನ ಒಂದು ಸುತ್ತು) ಎಲ್ಲಿ ಶುರು ಅಂತ ಹಿಡಿಯೋಕೆ, 16ನೇದು ಸಿಗ್ನಲಿಂಗ್‌ಗೆ, ಮಿಕ್ಕ 30ರಲ್ಲಿ ಮಾತು. ಹೋಗೋಕೊಂದು ಬರೋಕೊಂದು ಅಂತ ಎರಡೇ ಕೋಆಕ್ಸ್‌ನಲ್ಲಿ (ನಡುವೆ ಒಂದು ತಂತಿ, ಸುತ್ತ ಜಾಲರಿ ಇರೋ ಕೇಬಲ್) 30 ಕಾಲ್. ಕಾರ್ಡ್ ಹಿಂದೆ ಬಿಎನ್‌ಸಿ (ತಿರುಗಿಸಿ ಲಾಕ್ ಮಾಡೋ ದುಂಡನೆ ಕನೆಕ್ಟರ್) ಇದ್ರೆ ಅದು 75 ಓಮ್, ಆರ್‌ಜೆ-45 ಥರದ್ದಿದ್ರೆ ಸಾಮಾನ್ಯವಾಗಿ 120 ಓಮ್ ಜೋಡಿ ತಂತಿ, ಎರಡನ್ನ ಸೇರಿಸ್ಬೇಕಂದ್ರೆ ಮಧ್ಯ ಬಾಲನ್ (ಕೋಆಕ್ಸ್‌ನ ಜೋಡಿ ತಂತಿಗೆ ಹೊಂದಿಸೋ ಸಣ್ಣ ಟ್ರಾನ್ಸ್‌ಫಾರ್ಮರ್) ಹಾಕ್ಬೇಕು. ನಂದು ಎರಡೂ ಕಡೆ ಬಿಎನ್‌ಸಿ, ಆ ತಲೆನೋವು ಉಳೀತು.

ಕೇಬಲ್ ತರೋಕೆ ಬೆಂಗಳೂರಿನ ಎಸ್.ಪಿ. ರೋಡ್. 75 ಓಮ್ ಕೋಆಕ್ಸ್ ಆದ ಆರ್‌ಜಿ-59 ಅಂದ ತಕ್ಷಣ ಅಂಗಡಿಯವರು "ಸಿಸಿಟಿವಿಗಾ ಸಾರ್?" ಅಂತಾರೆ, ಹೂಂ ಅಂದ್ರೆ ಪಕ್ಕದಲ್ಲಿ ಪವರ್ ವೈರ್ ಅಂಟಿಕೊಂಡಿರೋದನ್ನೇ ಕೊಡ್ತಾರೆ. ತುದಿ ಸುಲಿದು ನೋಡಿ ತಗೊಳ್ಳಿ, ಜಾಲರಿ ತೆಳ್ಳಗೆ ಅಲ್ಯೂಮಿನಿಯಂ ಕೂದಲಿದ್ದಂಗಿದ್ರೆ ಬೇಡ, ತಾಮ್ರದ ದಟ್ಟ ಹೆಣಿಗೆ ಇರ್ಬೇಕು. ಹಳೇ ಈಥರ್‌ನೆಟ್‌ನ ಆರ್‌ಜಿ-58 ಮನೇಲಿ ಬೇಕಾದಷ್ಟು ಬಿದ್ದಿತ್ತು, ಆದ್ರೆ ಅದು 50 ಓಮ್. 75ರ ಜಾಗಕ್ಕೆ 50 ಹಾಕಿದ್ರೆ ಸೇರೋ ಜಾಗದಲ್ಲಿ ವೋಲ್ಟೇಜ್‌ನ ಐದನೇ ಒಂದು ಭಾಗ ವಾಪಸ್ ಬರುತ್ತೆ. ನಿಜ ಹೇಳ್ಬೇಕಂದ್ರೆ ನಾಲ್ಕು ಮೀಟರ್‌ಗೆ ಅದೂ ನಡೆಯುತ್ತೆ, ಪಲ್ಸ್ ಅಗಲ 244 ನ್ಯಾನೊಸೆಕೆಂಡ್, ಹೋಗಿ ಬರೋಕೆ ಹಿಡಿಯೋದು 40 ಅಷ್ಟೇ, ಆದ್ರೂ ಬಿಡಿ, ಸರಿಯಾದ ಕೇಬಲ್ ಏನು ಚಿನ್ನದ ಬೆಲೆ ಅಲ್ವಲ್ಲ.

ಕ್ರಿಂಪ್ ಮಾಡೋದು ನಿಧಾನದ ಕೆಲಸ. ಮೊದಲು ಫೆರೂಲ್ (ಲೋಹದ ಸಣ್ಣ ಕೊಳವೆ) ಕೇಬಲ್‌ಗೆ ಏರಿಸ್ಬೇಕು, ಆಮೇಲೆ ಹೊರಗಿನ ಸಿಪ್ಪೆ, ಜಾಲರಿ, ಒಳಗಿನ ಬಿಳೀದು ಮೆಟ್ಟಿಲು ಮೆಟ್ಟಿಲಾಗಿ ಸುಲೀಬೇಕು, ನಡುವಿನ ತಂತಿಗೆ ಪಿನ್ ಹಾಕಿ ಸಣ್ಣ ಡೈನಲ್ಲಿ ಒತ್ತಿ, ಟಕ್ ಅಂತ ಕೂರೋವರೆಗೂ ಕನೆಕ್ಟರ್ ಒಳಗೆ ತಳ್ಳಿ, ಜಾಲರೀನ ಹೊರಗಡೆ ಸುತ್ತ ಹರಡಿ ಫೆರೂಲ್ ಮುಂದಕ್ಕೆ ಎಳೆದು ದೊಡ್ಡ ಡೈನಲ್ಲಿ ಒಂದ್ಸಲ ಗಟ್ಟಿಯಾಗಿ. ಜಾಲರಿಯ ಒಂದೇ ಒಂದು ಎಳೆ ಪಿನ್ನಿಗೆ ತಾಗಿದ್ರೂ ಶಾರ್ಟ್. ಮಲ್ಟಿಮೀಟರ್‌ನಲ್ಲಿ ಶಾರ್ಟೂ ಓಪನ್ನೂ ಗೊತ್ತಾಗುತ್ತೆ, ಆದ್ರೆ ಅದರಲ್ಲಿ 75 ಓಮ್ ಹುಡುಕ್ಬೇಡಿ, ಯಾವತ್ತೂ ಕಾಣಲ್ಲ, ಅದು ತಂತಿಯ ರೆಸಿಸ್ಟೆನ್ಸ್ ಅಲ್ಲ, ಓಡೋ ಸಿಗ್ನಲ್‌ಗೆ ಕೇಬಲ್ ತೋರಿಸೋ ಇಂಪೀಡೆನ್ಸ್.

ಸೇರಿಸೋ ಮುಂಚೆ ಎರಡು ಕ್ಯಾಬಿನೆಟ್ ಬಾಡಿ ನಡುವೆ ಎಸಿ ವೋಲ್ಟೇಜ್ ಅಳೆದೆ, ಇದನ್ನ ಯಾರೂ ಬಿಡ್ಬೇಡಿ. ಬೇರೆ ಬೇರೆ ಪ್ಲಗ್ ಪಾಯಿಂಟ್‌ನ ಅರ್ತ್ ಆದ್ರೆ ಆ ವ್ಯತ್ಯಾಸವೆಲ್ಲ ಕೋಆಕ್ಸ್ ಶೀಲ್ಡ್ (ಅದೇ ಜಾಲರಿ) ಮೇಲೇ ಹರಿಯೋದು. ಎರಡನ್ನೂ ದಪ್ಪ ಹಸಿರು ವೈರಲ್ಲಿ ಒಂದೇ ಅರ್ತ್ ಬಾರ್‌ಗೆ ಕಟ್ಟಿದೆ. ಶೀಲ್ಡ್ ಕಳಿಸೋ ಕಡೆ ಅರ್ತ್ ಆಗಿದೆ, ತಗೊಳ್ಳೋ ಕಡೆ ಶೀಲ್ಡ್‌ನ ಅರ್ತ್‌ಗೆ ಸೇರಿಸೋ, ಕಾರ್ಡ್ ಮೇಲಿರೋ ಸ್ಟ್ರಾಪ್ ತೆಗೆದಿದೀನಿ.

ಆಮೇಲೆ ಒಂದೊಂದು ಕಾರ್ಡ್‌ಗೂ ಅದರದ್ದೇ ಟಿಎಕ್ಸ್‌ನ (ಕಳಿಸೋ ಕಡೆ) ಆರ್‌ಎಕ್ಸ್‌ಗೆ (ತಗೊಳ್ಳೋ ಕಡೆ) ಲೂಪ್ ಹಾಕಿ ನೋಡಿದೆ, ಕೆಂಪು ಲೈಟ್ ಹೋಯ್ತು, ಅಂದ್ರೆ ಕಾರ್ಡೂ ಕೇಬಲ್ಲೂ ಸರಿ. ಆಮೇಲೇ ಇದರ ಟಿಎಕ್ಸ್ ಅದರ ಆರ್‌ಎಕ್ಸ್‌ಗೆ ಅಡ್ಡ ಹಾಕಿದ್ದು. ಎಚ್‌ಡಿಬಿ-3 (ಬಿಟ್‌ಗಳನ್ನ ಪಲ್ಸ್ ಮಾಡೋ ರೀತಿ) ಮತ್ತೆ ಸಿಆರ್‌ಸಿ-4 (ತಪ್ಪು ಹಿಡಿಯೋ ಚೆಕ್) ಎರಡೂ ಕಡೆ ಒಂದೇ ಥರ ಇಟ್ರೆ ಅಲಾರಂ ಕ್ಲಿಯರ್.

ಇಲ್ಲಿಗೆ ಮುಗೀತು ಅನ್ಕೋಬೇಡಿ, ಅಸಲಿ ವಿಷಯ ಕ್ಲಾಕ್, ಅಂದ್ರೆ ಬಿಟ್‌ಗಳು ಯಾವ ವೇಗದಲ್ಲಿ ಹೋಗ್ಬೇಕು ಅಂತ ಹೇಳೋ ತಾಳ. ಬೇಕಂತಲೇ ಎರಡನ್ನೂ ಅವುಗಳ ಸ್ವಂತ ಕ್ಲಾಕ್‌ನಲ್ಲಿ ಬಿಟ್ಟು ನೋಡಿದೆ: ಎಲ್ಲಾ ಹಸಿರು, ಕಾಲೂ ಹೋಗುತ್ತೆ, ಆದ್ರೆ ಸ್ಲಿಪ್ ಕೌಂಟರ್ ಏರ್ತಾನೇ ಇರುತ್ತೆ. ಲೆಕ್ಕ ಸುಲಭ, ಸೆಕೆಂಡಿಗೆ 8000 ಫ್ರೇಮ್, ಎರಡು ಕ್ಲಾಕ್ ನಡುವೆ ದಶಲಕ್ಷಕ್ಕೆ 50ರ ವ್ಯತ್ಯಾಸ ಇದ್ರೂ ಎರಡೂವರೆ ಸೆಕೆಂಡಿಗೊಂದು ಫ್ರೇಮ್ ಬಿದ್ದೋಗುತ್ತೆ ಇಲ್ಲಾ ಎರಡು ಸಲ ಬರುತ್ತೆ, ಅದೇ ಸ್ಲಿಪ್. ಮಾತಲ್ಲಿ ಸಣ್ಣ ಟಿಕ್ ಅಷ್ಟೇ, ಎಷ್ಟೋ ಸಲ ಕಿವಿಗೂ ಬೀಳಲ್ಲ, ಫ್ಯಾಕ್ಸ್ ಮಾತ್ರ ಅರ್ಧ ಪೇಜಿಗೇ ಕೈ ಕೊಡುತ್ತೆ. ಎರಡನೇ ಕ್ಯಾಬಿನೆಟ್‌ಗೆ ಕ್ಲಾಕ್‌ನ ಲೈನಿಂದ ತಗೋ ಅಂತ ಸೆಟ್ ಮಾಡಿದ ಮೇಲೆ ಕೌಂಟರ್ ನಿಂತಲ್ಲೇ ನಿಂತಿದೆ.

ಪಿಬಿಎಕ್ಸ್‌ಗಳು ತಮ್ಮತಮ್ಮಲ್ಲೇ ಕಾಲ್ ಹೊಂದಿಸ್ಕೊಳ್ಳೋ ಸಿಗ್ನಲಿಂಗ್ ಭಾಷೆ ಕ್ಯೂಸಿಗ್‌ನಲ್ಲೂ ಒಂದು ಕಡೆ ಮಾಸ್ಟರ್, ಒಂದು ಕಡೆ ಸ್ಲೇವ್ ಅಂತ ಕೇಳುತ್ತೆ, ಅದಕ್ಕೂ ಕ್ಲಾಕ್‌ಗೂ ಸಂಬಂಧ ಇಲ್ಲ, ಎರಡನ್ನೂ ಬೇರೆ ಬೇರೆ ಸೆಟ್ ಮಾಡ್ಬೇಕು. ಅದಾದ್ಮೇಲೆ 16ನೇ ಟೈಮ್‌ಸ್ಲಾಟ್ ಎದ್ದು ಕೂತು ಮೊದಲ ಕಾಲ್ ಹೋಯ್ತು.

ಇನ್ನು ಬಾಕಿ ಇರೋದು ಕಾಲರ್ ಹೆಸರು. ನಂಬರ್ ಆ ಕಡೆ ಡಿಸ್‌ಪ್ಲೇಲಿ ಬರ್ತಿದೆ, ಹೆಸರು ಬರ್ತಿಲ್ಲ. ಪ್ರೋಟೋಕಾಲ್ ಟ್ರೇಸ್ ಹಾಕಿ ಕಳಿಸೋ ಕಡೆಯಿಂದಲೇ ಹೋಗ್ತಿಲ್ವಾ, ತಗೊಳ್ಳೋ ಕಡೆ ಬಿಸಾಕ್ತಿದೆಯಾ ಅಂತ ನೋಡ್ತೀನಿ.