ದಡದ ಮೇಲೆ ಬಿಟ್ಟ ರಾಶಿ

ಕೆರೆ ನೀರನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ದೋಣಿಯಲ್ಲಿ ಹೋಗಿ ಬಾಟಲಿಗಳಿಗೆ ನೀರು ತುಂಬಿಸಿಕೊಳ್ಳುತ್ತೇನೆ, ಲ್ಯಾಬಿಗೆ ತಂದು ಅಳೆಯುತ್ತೇನೆ. ಹನ್ನೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಸಿಕ್ಕ ದೊಡ್ಡ ಪಾಠ ಮಾತ್ರ ದಡದ ಮೇಲೆ ಬಿದ್ದಿದ್ದ ಒಂದು ಕಳೆಯ ರಾಶಿಯಿಂದ.

ಕೆಲಸಕ್ಕೆ ಸೇರಿದ ಮೂರನೇ ವರ್ಷದ ಮಾತು. ಕೆರೆಯೊಂದರ ತುಂಬ ಅಂತರಗಂಗೆ ಹಬ್ಬಿತ್ತು. ನೀರೇ ಕಾಣುತ್ತಿರಲಿಲ್ಲ. ಕೊಳಚೆ ತರುತ್ತಿದ್ದ ಕಾಲುವೆಯನ್ನು ಅಷ್ಟರಲ್ಲಾಗಲೇ ಬೇರೆ ಕಡೆ ತಿರುಗಿಸಿದ್ದರು. ಇನ್ನು ಕಳೆ ತೆಗೆದರೆ ಕೆರೆ ಚೇತರಿಸಿಕೊಳ್ಳುತ್ತದೆ ಅನ್ನುವುದು ನಮ್ಮೆಲ್ಲರ ಲೆಕ್ಕ. ಯಂತ್ರ ತಂದು ಕಳೆ ಎಳೆದು ದಡಕ್ಕೆ ಹಾಕಿಸಿದೆವು. ಹತ್ತು ದಿನದಲ್ಲಿ ದಡದುದ್ದಕ್ಕೂ ಆಳೆತ್ತರದ ರಾಶಿ. ಸಾಗಿಸಲು ಲಾರಿ ಯಾವಾಗ ಬರಬೇಕು ಎಂದು ಹೇಳುವ ಜವಾಬ್ದಾರಿ ನನ್ನದು.

ಅಂತರಗಂಗೆಯಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಬರೀ ನೀರು. ಸ್ವಲ್ಪ ಒಣಗಲಿ, ಹಗುರ ಆದ ಮೇಲೆ ಸಾಗಿಸೋಣ ಅಂದೆ. ಮೂರು ವಾರ ಬಿಟ್ಟು ನೋಡಿದರೆ ರಾಶಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ದೋಣಿ ನಡೆಸುವವರು, "ಮೇಡಂ, ಇನ್ನೊಂದು ತಿಂಗಳು ಬಿಟ್ಟರೆ ಲಾರಿಯೇ ಬೇಡ, ತಾನಾಗಿ ಕರಗಿ ಹೋಗುತ್ತೆ" ಅಂದರು. ನನಗೂ ಸರಿ ಅನ್ನಿಸಿತು. ರಾಶಿಯೊಳಗೆ ಕೈ ತೂರಿಸಿದೆ. ತಕ್ಷಣ ಹಿಂದಕ್ಕೆ ಎಳೆದುಕೊಂಡೆ, ಅಷ್ಟು ಬಿಸಿ. ಥರ್ಮಾಮೀಟರ್ ಚುಚ್ಚಿದರೆ 58 ಡಿಗ್ರಿ. ಮೇಲೆ ಹಬೆ ಏಳುತ್ತಿತ್ತು. ಚೆನ್ನಾಗಿ ಕೊಳೆಯುತ್ತಿದೆ ಎಂದು ಬರೆದುಕೊಂಡು ಬಂದೆ.

ಆಮೇಲೆ ಮಳೆ ಹಿಡಿಯಿತು.

ಮಳೆ ನಿಂತ ಎರಡು ವಾರಕ್ಕೆ ನೀರು ಹಸಿರಾಯಿತು. ಅಂತರಗಂಗೆ ಹೋದ ಜಾಗದಲ್ಲಿ ಈಗ ಪಾಚಿ. ಪಾಚಿ, ಕಳೆ ಬೆಳೆಯಲು ಬೇಕಾದ ಪೋಷಕಾಂಶ ಫಾಸ್ಫರಸ್. ಅದರ ಪ್ರಮಾಣ ಕಳೆ ತೆಗೆಯುವ ಮುಂಚಿಗಿಂತ ಜಾಸ್ತಿ ಬಂತು. ಮೊದಲು ಯಂತ್ರದ ಮೇಲೆ ಅನುಮಾನ ಪಟ್ಟೆ. ಆಮೇಲೆ ಕಾಲುವೆ ಎಲ್ಲೋ ಸೋರುತ್ತಿರಬೇಕು ಎಂದು ಎರಡು ದಿನ ಅದರುದ್ದಕ್ಕೂ ನಡೆದು ಹುಡುಕಿದೆ. ಎಲ್ಲೂ ಸೋರಿಕೆ ಇರಲಿಲ್ಲ. ಕೊನೆಗೆ ರಾಶಿಯ ಬುಡದಿಂದ ಕೆರೆಗೆ ಇಳಿಯುತ್ತಿದ್ದ ಕಂದು ನೀರು ಕಣ್ಣಿಗೆ ಬಿತ್ತು. ಅದನ್ನೂ ಒಂದು ಬಾಟಲಿ ತುಂಬಿಸಿಕೊಂಡು ಬಂದೆ.

ನಾವು ಫಾಸ್ಫರಸ್ ಅಳೆಯುವ ರೀತಿ ಹೇಳುತ್ತೇನೆ. ನೀರಿಗೆ ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ ಸೇರಿದ ದ್ರಾವಣ ಹಾಕುತ್ತೇವೆ. ಫಾಸ್ಫೇಟ್, ಅಂದರೆ ನೀರಿನಲ್ಲಿ ಕರಗಿರುವ ರೂಪದ ಫಾಸ್ಫರಸ್, ಇದ್ದರೆ ನೀರು ನೀಲಿ ಬಣ್ಣಕ್ಕೆ ತಿರುಗುತ್ತದೆ. ಜಾಸ್ತಿ ಇದ್ದಷ್ಟೂ ನೀಲಿ ಗಾಢ. ಒಳ್ಳೆಯ ಕೆರೆಯ ನೀರಿನಲ್ಲಿ ಬಣ್ಣ ಬಂತೋ ಇಲ್ಲವೋ ಅನ್ನುವಷ್ಟು ತೆಳು. ಆ ಕಂದು ನೀರನ್ನು ಸೋಸಿ, ಶುದ್ಧ ನೀರು ಬೆರೆಸಿ ಹತ್ತು ಪಟ್ಟು ತೆಳು ಮಾಡಿದರೂ ನಳಿಕೆ ಶಾಯಿಯಂತೆ ಕಂಡಿತು. ನೂರು ಪಟ್ಟು ತೆಳು ಮಾಡಿದ ಮೇಲೆ ಬಣ್ಣ ಅಳೆಯುವ ಯಂತ್ರ ಓದಿತು. ನಾವು ಹೊರಗೆ ಹಾಕಿದ್ದೆಲ್ಲ ವಾಪಸ್ ಒಳಗೆ ಹೋಗುತ್ತಿತ್ತು. ಅದಕ್ಕೆ ದಾರಿ ಮಾಡಿಕೊಟ್ಟವಳು ನಾನೇ.

ರಾಶಿ ಇಳಿದಾಗ ನಾನು ಖುಷಿಪಟ್ಟೆನಲ್ಲ, ತಪ್ಪಾದದ್ದು ಅಲ್ಲಿ. ಏನು ಕಡಿಮೆ ಆಯಿತು, ಏನು ಉಳಿಯಿತು ಎಂದು ಕೇಳಿಕೊಳ್ಳಲೇ ಇಲ್ಲ.

ಎಲೆ ಬಿಸಿಲು ಹಿಡಿಯುತ್ತದೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ಕೂಡಿಡುವುದು ಸಾಮಾನ್ಯವಾಗಿ ನೂರರಲ್ಲಿ ಒಂದೆರಡು ಪಾಲು, ಎಷ್ಟೋ ಸಲ ಅದಕ್ಕೂ ಕಡಿಮೆ. ಆ ಶಕ್ತಿ ಸಕ್ಕರೆಯಾಗಿ, ನಾರಾಗಿ ಗಿಡದಲ್ಲಿ ಕೂರುತ್ತದೆ. ಅದನ್ನು ಹುಳ ತಿನ್ನಲಿ, ಮೀನು ತಿನ್ನಲಿ, ಬ್ಯಾಕ್ಟೀರಿಯಾ ಕೊಳೆಸಲಿ, ತಿಂದ ಜೀವಿ ಉಸಿರಾಡಲೇಬೇಕು. ಉಸಿರಾಡಿದಷ್ಟೂ ಶಕ್ತಿ ಶಾಖವಾಗಿ ಹೋಗುತ್ತದೆ. ಹೋದ ಶಾಖವನ್ನು ಯಾವ ಗಿಡವೂ ಮತ್ತೆ ಹಿಡಿದು ಸಕ್ಕರೆ ಮಾಡಲಾರದು. ನನ್ನ ಕೈಗೆ ತಾಗಿದ ಆ 58 ಡಿಗ್ರಿ ಅಂದರೆ ಕೆರೆಯ ಮೇಲೆ ಬಿದ್ದಿದ್ದ ಬಿಸಿಲೇ, ಕೊನೆಯ ಸಲ ಹೊರಟು ಹೋಗುತ್ತಿತ್ತು.

ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಸರಿಸುಮಾರು ಹತ್ತನೇ ಒಂದು ಪಾಲು ಶಕ್ತಿ ದಾಟುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ನಿಜದಲ್ಲಿ ಅದು ಜಾಗದಿಂದ ಜಾಗಕ್ಕೆ ಸಾಕಷ್ಟು ಬದಲಾಗುತ್ತದೆ. ಈ ಲೆಕ್ಕಕ್ಕೆ ಬುನಾದಿ ಹಾಕಿದವರು ರೇಮಂಡ್ ಲಿಂಡ್‌ಮನ್. ಅಮೆರಿಕದ ಮಿನ್ನೆಸೋಟದಲ್ಲಿ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯನ್ನು ವರ್ಷಗಟ್ಟಲೆ ಅಳೆದವರು. ಅವರ ಪ್ರಬಂಧವನ್ನು ಪತ್ರಿಕೆಯ ಪರಿಶೀಲಕರು ಮೊದಲು ಒಪ್ಪಿರಲಿಲ್ಲ. ಅದು 1942ರಲ್ಲಿ ಅಚ್ಚಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು, ಆಗ ವಯಸ್ಸು 26. ದೋಣಿಯಲ್ಲಿ ಕೂತು ಬಾಟಲಿ ಮುಳುಗಿಸುವಾಗ ಎಷ್ಟೋ ಸಲ ಅವರ ನೆನಪಾಗುತ್ತದೆ.

ಶಕ್ತಿಯದು ಒಂದೇ ದಿಕ್ಕಿನ ಪಯಣ. ಪೋಷಕಾಂಶಗಳು ಹಾಗಲ್ಲ, ಮತ್ತೆ ಮತ್ತೆ ಸುತ್ತುತ್ತವೆ. ಅವುಗಳಲ್ಲೂ ಒಂದೊಂದರ ಗುಣ ಒಂದೊಂದು. ರಾಶಿ ಕೊಳೆಯುವಾಗ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಸಾರಜನಕದಲ್ಲಿ ಒಂದಷ್ಟು ಅಮೋನಿಯಾ ಆಗಿ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಫಾಸ್ಫರಸ್‌ಗೆ ಮಾತ್ರ ಗಾಳಿಗೆ ಹೋಗುವ ದಾರಿ ಇಲ್ಲವೆಂದೇ ಹೇಳಬಹುದು. ನೀರು ಆರಿತು, ಇಂಗಾಲ ಹಾರಿತು, ರಾಶಿ ಅರ್ಧವಾಯಿತು. ಫಾಸ್ಫರಸ್ ಅಷ್ಟೂ ಅಲ್ಲೇ ಉಳಿಯಿತು. ಅಷ್ಟೇ ಅಲ್ಲ, ಗಿಡದ ಜೀವಕೋಶಗಳೊಳಗೆ ಭದ್ರವಾಗಿದ್ದದ್ದು ಈಗ ಮಳೆಗೆ ಕರಗಿ ಹರಿಯುವಂತಾಗಿತ್ತು. ಹಸಿ ಕಳೆ ದಡದಲ್ಲಿ ಇದ್ದಿದ್ದರೂ ಇಷ್ಟು ಬೇಗ ಬಿಟ್ಟುಕೊಡುತ್ತಿರಲಿಲ್ಲ.

ಫಾಸ್ಫರಸ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಎಂದು ಹೊಸಬರು ಕೇಳುತ್ತಾರೆ. ನಾನು ಅವರಿಗೆ ಒಂದು ಫೋಟೊ ತೋರಿಸುತ್ತೇನೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ 226ನೇ ನಂಬರಿನದಕ್ಕೆ ನಡುವೆ ಸೊಂಟದಂತೆ ಕಿರಿದಾದ ಜಾಗವಿದೆ. 1973ರಲ್ಲಿ ಡೇವಿಡ್ ಶಿಂಡ್ಲರ್ ಅವರ ತಂಡ ಅಲ್ಲಿ ಅಡ್ಡ ಪರದೆ ಕಟ್ಟಿತು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ಫಾಸ್ಫರಸ್ ಕೂಡ. ಅದೇ ವರ್ಷ ವಿಮಾನದಿಂದ ತೆಗೆದ ಚಿತ್ರದಲ್ಲಿ ಒಂದು ಭಾಗ ಕಪ್ಪಗೆ ತಿಳಿಯಾಗಿದೆ, ಫಾಸ್ಫರಸ್ ಬಿದ್ದ ಭಾಗ ಪಾಚಿ ಕಟ್ಟಿದೆ. ಇಂಗಾಲ ಗಾಳಿಯಿಂದ ಸಿಗುತ್ತದೆ. ಸಾರಜನಕವನ್ನೂ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯಿಂದಲೇ ಎಳೆದುಕೊಳ್ಳುತ್ತವೆ. ಫಾಸ್ಫರಸ್ ಹಾಗೆ ಸಿಗುವುದಿಲ್ಲವಲ್ಲ. ಇನ್ನೊಂದು ಮಾತು: ನೀರಿನ ಪಾಚಿಗಳಲ್ಲಿ ಒಂದು ಫಾಸ್ಫರಸ್ ಪರಮಾಣುವಿಗೆ ಸುಮಾರು 16 ಸಾರಜನಕ, 106 ಇಂಗಾಲದ ಪರಮಾಣುಗಳಿರುತ್ತವೆ. ತೂಕದಲ್ಲಿ ಹೇಳಿದರೆ ಒಂದು ಗ್ರಾಂ ಫಾಸ್ಫರಸ್ ಸಿಕ್ಕರೆ ಪಾಚಿ ಸುಮಾರು 40 ಗ್ರಾಂ ಇಂಗಾಲ ಕಟ್ಟಿಕೊಳ್ಳುತ್ತದೆ. ಆ ಪಾಚಿ ಸತ್ತು ಕೊಳೆತರೆ ಅದೇ ಒಂದು ಗ್ರಾಂ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ.

ರಾಶಿಯನ್ನು ಅದೇ ವಾರ ಸಾಗಿಸಿದೆವು. ನಾನು ಮೇಲಿನವರಿಗೆ ನಡೆದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ. ನೀಲಿ ಬಾಟಲಿಯನ್ನೂ ಮೇಜಿನ ಮೇಲಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಇನ್ನು ಮುಂದೆ ಹೇಗೆ ಮಾಡೋಣ ಹೇಳಮ್ಮ."

ಈಗ ಕಳೆಯನ್ನು ಹಸಿರಾಗಿ ಇರುವಾಗಲೇ ತೆಗೆಯುತ್ತೇವೆ. ನೀರಿನಲ್ಲೇ ಸಾಯಲು ಬಿಟ್ಟರೆ ಕೈಗೆ ಬರುವುದು ನಾರು ಮಾತ್ರ. ದಡದಲ್ಲಿ ಒಂದು ರಾತ್ರಿ ನೀರು ಬಸಿಯಲು ಬಿಡುತ್ತೇವೆ, ಅಷ್ಟೇ. ಕೊಳೆಸುವುದು ಕೆರೆಗೆ ನೀರು ಹರಿದು ಬರದ ಜಾಗದಲ್ಲಿ, ಗಟ್ಟಿ ನೆಲದ ಮೇಲೆ. ಅಲ್ಲಿಂದ ಹೊಲಕ್ಕೆ. ಮಣ್ಣಿಗೆ ಅದೇ ಫಾಸ್ಫರಸ್ ಬೇಕಾದ ವಸ್ತು. ಆದರೆ ಕಾರ್ಖಾನೆಯ ನೀರು ಸೇರಿದ ಕೆರೆಯಾದರೆ ಸೀಸ, ಕ್ಯಾಡ್ಮಿಯಂ ಪರೀಕ್ಷೆ ಆಗದೆ ಒಂದು ಬುಟ್ಟಿಯನ್ನೂ ಹೊಲಕ್ಕೆ ಕೊಡುವುದಿಲ್ಲ. ಅಂತರಗಂಗೆ ಈ ಲೋಹಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಲೆಕ್ಕದ ಪುಸ್ತಕದಲ್ಲಿ ಮೊದಲು ಎಷ್ಟು ಲೋಡು ಕಳೆ ಎಂದಷ್ಟೇ ಬರೆಯುತ್ತಿದ್ದೆವು. ಈಗ ಒಂದು ಹಿಡಿ ಒಣಗಿಸಿ, ಪುಡಿ ಮಾಡಿ, ಎಷ್ಟು ಕಿಲೋ ಫಾಸ್ಫರಸ್ ಹೊರಗೆ ಹೋಯಿತು ಎಂದು ಬರೆಯುತ್ತೇವೆ.

ಇಷ್ಟು ಮಾಡಿದರೂ ಕೆರೆ ಕೂಡಲೇ ತಿಳಿಯಾಗಲಿಲ್ಲ. ಹೂಳಿನಲ್ಲಿ ವರ್ಷಗಳ ಫಾಸ್ಫರಸ್ ಕೂತಿದೆ. ತಳದಲ್ಲಿ ಆಮ್ಲಜನಕ ಇರುವ ತನಕ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೆಖೆಗಾಲದಲ್ಲಿ ಕೊಳೆಯುವ ಕೆಲಸ ಜೋರಾಗಿ ಆಮ್ಲಜನಕ ಮುಗಿದರೆ ಕಬ್ಬಿಣ ಕರಗುತ್ತದೆ, ಹಿಡಿತ ಸಡಿಲವಾಗುತ್ತದೆ, ಫಾಸ್ಫರಸ್ ಮೇಲಕ್ಕೆ ಬರುತ್ತದೆ. ಹೊರಗಿನಿಂದ ಹನಿ ಕೊಳಚೆ ಬರದಿದ್ದರೂ ನೀರು ಹಸಿರಾಗುವುದು ಇದರಿಂದಲೇ.

ಕಪ್ಪು-ಬಿಳುಪು ಬಣ್ಣದ ಸೆಕ್ಕಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸುತ್ತೇವೆ, ಎಷ್ಟು ಆಳದ ತನಕ ಕಾಣುತ್ತದೆ ಎಂದು ನೋಡಲು. ಆ ಮಳೆಯ ನಂತರ 25 ಸೆಂಟಿಮೀಟರಿಗೇ ತಟ್ಟೆ ಮರೆಯಾಗಿತ್ತು. ಕಳೆದ ತಿಂಗಳು 110ರ ತನಕ ಕಂಡಿತು. ಸೆಖೆಯ ಎರಡು ತಿಂಗಳಲ್ಲಿ ಇನ್ನೂ 60ಕ್ಕೆ ಇಳಿಯುತ್ತದೆ.