ಬೇಡಿ ಬಿದ್ದ ಮೇಲಿನ ಅರ್ಧ ನಿಮಿಷ

ಪೊಲೀಸ್ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಜಗಳ ಬಿಡಿಸಲು ಹೋದ ಕಡೆ ಯುವಕನೊಬ್ಬ ನನ್ನ ಎದೆಗೆ ಗುದ್ದಿ ಓಡಿದ. ಬೆನ್ನಟ್ಟಿ ಹಿಡಿದು, ಬೋರಲಾಗಿ ಕೆಡವಿ, ತೋಳುಗಳನ್ನು ಹಿಂದಕ್ಕೆಳೆದು ಬೇಡಿ ಹಾಕಿದೆ. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಬೇಡಿ ಬಿದ್ದ ಮೇಲೂ ನನ್ನ ಮೊಣಕಾಲು ಅವನ ಬೆನ್ನಿನಿಂದ ಏಳಲಿಲ್ಲ. ಅವನು ಸೊಂಟ ಎತ್ತಿ ಹೊರಳಲು ನೋಡುತ್ತಿದ್ದ. ಇನ್ನೂ ಕೊಸರಾಡುತ್ತಿದ್ದಾನೆ ಎಂದುಕೊಂಡು ಮತ್ತಷ್ಟು ಭಾರ ಹಾಕಿದೆ.

ಜೊತೆಗಿದ್ದ ಹಿರಿಯರು ನನ್ನ ಕಾಲರ್ ಹಿಡಿದು ಎಳೆದರು. "ಅವನು ಒದ್ದಾಡುತ್ತಿರುವುದು ಓಡುವುದಕ್ಕಲ್ಲ, ಉಸಿರಿಗೆ. ಮಗ್ಗುಲಿಗೆ ತಿರುಗಿಸು." ತಿರುಗಿಸಿದೆ. ತುಟಿಗೆ ಮಣ್ಣು ಮೆತ್ತಿತ್ತು. ಎರಡು ಸಲ ಕೆಮ್ಮಿ, ಎದೆ ತುಂಬ ಉಸಿರೆಳೆದುಕೊಂಡ. ಒದ್ದಾಟ ಅಲ್ಲಿಗೇ ನಿಂತಿತು.

ಬೋರಲಾಗಿ ಬಿದ್ದವನ ಬೆನ್ನ ಮೇಲೆ ಭಾರ ಬಿದ್ದರೆ ಪಕ್ಕೆಲುಬುಗಳು ಹಿಗ್ಗುವುದಿಲ್ಲ, ಹೊಟ್ಟೆ ನೆಲಕ್ಕೆ ಒತ್ತಿಕೊಂಡು, ಎದೆ-ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುವಾದ ವಪೆಯೂ ಇಳಿಯಲಾರದು. ಓಡಿ ದಣಿದ ದೇಹಕ್ಕೆ ಬೇಕಾದದ್ದು ಮಾಮೂಲಿಗಿಂತ ಹೆಚ್ಚು ಗಾಳಿ, ಸಿಗುವುದು ಕಡಿಮೆ. ಅದಕ್ಕೆ ಅವನು ಕೊಸರುತ್ತಾನೆ, ಅದನ್ನು ಪ್ರತಿರೋಧ ಎಂದುಕೊಂಡು ನಾವು ಇನ್ನೂ ಅದುಮುತ್ತೇವೆ. "ಮಾತನಾಡುತ್ತಿದ್ದಾನಲ್ಲ, ಉಸಿರಾಡುತ್ತಿದ್ದಾನೆ ಬಿಡು" ಎನ್ನುವ ಮಾತು ನಮ್ಮವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ನಾಲ್ಕು ಶಬ್ದ ಆಡಲು ಚೂರು ಗಾಳಿ ಸಾಕು, ಬದುಕಲು ಅಷ್ಟು ಸಾಲದು.

ವಿಶ್ವಸಂಸ್ಥೆಯ ಮಹಾಸಭೆ 1979ರಲ್ಲಿ ಅಂಗೀಕರಿಸಿದ ಪೊಲೀಸರ ನೀತಿಸಂಹಿತೆಯಲ್ಲಿರುವುದು ಎಂಟೇ ವಿಧಿಗಳು. ಅನಿವಾರ್ಯವಾದಾಗ ಮಾತ್ರ, ಕರ್ತವ್ಯಕ್ಕೆ ಬೇಕಾದಷ್ಟೇ ಬಲ ಎನ್ನುತ್ತದೆ ಮೂರನೆಯದು. ಲಾಠಿ, ಪಿಸ್ತೂಲುಗಳಿಗೆ ಮಾತ್ರವಲ್ಲ, ಬರಿಗೈಗೂ ಇದೇ ಅಳತೆ. ತರಬೇತಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಆದರೆ ಗುದ್ದು ತಿಂದ ಕೋಪ ಇಳಿಯಲು ಹೊತ್ತು ಬೇಕು, ಬಲ ಬಳಸುವ ಅನುಮತಿ ಮಾತ್ರ ಎದುರಾಳಿ ಮಣಿದ ಕ್ಷಣಕ್ಕೇ ಮುಗಿದಿರುತ್ತದೆ. ನಡುವಿನ ಆ ಅಂತರ ನನಗೆ ಅಂದು ಗೊತ್ತಿರಲಿಲ್ಲ.

ಎಂಟನೆಯ ವಿಧಿಯನ್ನು ಯಾರೂ ಅಷ್ಟಾಗಿ ನೆನಪಿಟ್ಟುಕೊಳ್ಳುವುದಿಲ್ಲ: ಜೊತೆಯವರು ಸಂಹಿತೆ ಮೀರಿದರೆ ತಡೆಯಬೇಕು. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬೇಡಿ ಬಿದ್ದಿದ್ದ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ ಪೊಲೀಸ್ ಅಧಿಕಾರಿಯ ಮೊಣಕಾಲು ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಇತ್ತು, ಅವರು ಸತ್ತರು. ಸ್ಥಳದಲ್ಲಿ ಇನ್ನೂ ಮೂವರು ಅಧಿಕಾರಿಗಳಿದ್ದರು. ನಾಲ್ವರಿಗೂ ಶಿಕ್ಷೆಯಾಯಿತು. ಆ ಸುದ್ದಿ ಓದಿದಾಗ ನನ್ನ ಕೈ ತಾನಾಗಿ ಕಾಲರ್ ಮುಟ್ಟಿಕೊಂಡಿತ್ತು.

ಅಂದು ಠಾಣೆಗೆ ಬಂದು ವರದಿಯಲ್ಲಿ "ಲಘು ಬಲಪ್ರಯೋಗ ಮಾಡಿ ವಶಕ್ಕೆ ಪಡೆಯಲಾಯಿತು" ಎಂದು ಬರೆದೆ. ನಾವೆಲ್ಲ ಬರೆಯುವುದು ಹಾಗೆಯೇ, ಕರ್ತೃವೇ ಇಲ್ಲದ ವಾಕ್ಯ. ಹಿರಿಯರು ಅದರ ಮೇಲೆ ಗೆರೆ ಎಳೆದರು. "ಲಘು ಎಂದರೆ ಎಷ್ಟು? ಪಡೆದದ್ದು ಯಾರು? ಮೊಣಕಾಲು ಎಲ್ಲಿತ್ತು, ಬೇಡಿ ಹಾಕಿದ ಮೇಲೆ ಎಷ್ಟು ಹೊತ್ತು ಇತ್ತು, ಬರೆ."

"ಅರ್ಧ ನಿಮಿಷ ಇರಬಹುದು, ಸರ್."

"ಹಾಗಾದರೆ ಅದನ್ನೇ ಬರೆ. ಮೊದಲು ಅವನನ್ನು ವೈದ್ಯರಿಗೆ ತೋರಿಸಿಕೊಂಡು ಬಾ."

ನನಗೆ ಲಿಖಿತ ಎಚ್ಚರಿಕೆ ಬಂತು. ಈಗ ಹೊಸಬರಿಗೆ ಅಭ್ಯಾಸ ಮಾಡಿಸುವುದು ನನ್ನ ಪಾಲಿನ ಕೆಲಸ. ಬೇಡಿ ಕಚ್ಚಿಕೊಂಡ ಸದ್ದು ಕೇಳಿದೊಡನೆ ಪಕ್ಕದಲ್ಲಿರುವವನು "ಮಗ್ಗುಲು!" ಎಂದು ಕೂಗಬೇಕು. ಕೂಗು ಬರದಿದ್ದರೆ ಇಬ್ಬರೂ ಮೊದಲಿನಿಂದ ಮಾಡಬೇಕು.